ವಿಕಲಚೇತನ ಮಕ್ಕಳ ತಂದೆತಾಯಿ ಕೇಳುವ ಪ್ರಶ್ನೆಗಳು: ಮಾಸಾಶನ, ಕಾರ್ಡು, ತೆರಿಗೆ, ರಜೆಯ ನಿಯಮ ಬದಲಾದಾಗ

ಕರ್ನಾಟಕದಲ್ಲಿ ವಿಕಲಚೇತನ ಮಗುವನ್ನು ನೋಡಿಕೊಳ್ಳುವ ಮನೆಗೆ ಸರ್ಕಾರದಿಂದ ಬರುವ ಹಣವೆಲ್ಲ ಹೆಚ್ಚುಕಡಿಮೆ ಮಗುವಿನ ಹೆಸರಿಗೇ ಬರುತ್ತದೆ. ಅದಕ್ಕಾಗಿ ಓಡಾಡುವವರು ಮಾತ್ರ ಅಮ್ಮ, ಅಪ್ಪ, ಕೆಲವು ಮನೆಗಳಲ್ಲಿ ಅಜ್ಜಿ. ನಿಯಮ ಬದಲಾದಾಗ ಹಣ ನಿಂತರೆ ಅರ್ಹತೆಯೇ ಹೋಯಿತು ಅಂದುಕೊಂಡು ಎಷ್ಟೋ ಮಂದಿ ಕೈಬಿಡುತ್ತಾರೆ. ಹೆಚ್ಚಿನ ಸಲ ಅರ್ಹತೆ ಇದ್ದೇ ಇರುತ್ತದೆ, ಒಂದು ದಾಖಲೆ ಇನ್ನೊಂದಕ್ಕೆ ಹೊಂದಿರುವುದಿಲ್ಲ, ಅಷ್ಟೆ. ಆದ್ದರಿಂದ ದಾಖಲೆಯ ವಿಷಯವನ್ನೇ ಇಲ್ಲಿ ಹೆಚ್ಚು ಬಿಡಿಸಿ ಬರೆದಿದ್ದೇವೆ.

ನಮ್ಮ ಹತ್ತಿರ ಜಿಲ್ಲಾ ಆಸ್ಪತ್ರೆಯವರು ಕೊಟ್ಟ ಹಳೆಯ ಸರ್ಟಿಫಿಕೇಟ್ ಇದೆ. ಅದು ಸಾಲದೇ?

ಈಗ ಸಾಲದು. 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್ ಮೂಲಕವೇ ಕೊಡಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿದೆ. 2023ರ ಏಪ್ರಿಲ್‌ನಿಂದ ಕೇಂದ್ರದ ವಿಕಲಚೇತನರ ಯೋಜನೆಗಳಿಗೆ ಯುಡಿಐಡಿ ಸಂಖ್ಯೆ ಬೇಕು. ಕಾರ್ಡು ಇನ್ನೂ ಬಂದಿರದಿದ್ದರೆ ಅರ್ಜಿ ನೋಂದಣಿ ಸಂಖ್ಯೆಯನ್ನಾದರೂ ಕೊಡಬೇಕು. ಹಳೆಯ ಪ್ರಮಾಣಪತ್ರವನ್ನು ಎಸೆಯಬೇಡಿ. ಅರ್ಜಿಯ ಜೊತೆ ಅದನ್ನೂ ಅಪ್‌ಲೋಡ್ ಮಾಡಿ. ಅದನ್ನು ಒಪ್ಪಿಕೊಂಡು ನೇರವಾಗಿ ಕಾರ್ಡು ಕೊಡಬಹುದು, ಇಲ್ಲವೇ ಮಗುವನ್ನು ಮತ್ತೆ ತಪಾಸಣೆಗೆ ಕರೆಯಬಹುದು.

ಕಾರ್ಡಿನ ಬಣ್ಣ ನೋಡಿದರೆ ವಿಕಲತೆಯ ಪ್ರಮಾಣ ತಿಳಿಯುತ್ತದೆ: 40 ಶೇಕಡಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಬಿಳಿ ಕಾರ್ಡಿಗೆ ಮಾಸಾಶನವಾಗಲಿ ತೆರಿಗೆ ವಿನಾಯಿತಿಯಾಗಲಿ ಸಿಗುವುದಿಲ್ಲ.

ಅರ್ಜಿ ಹಾಕಿ ವರ್ಷ ಕಳೆದರೂ ಕಾರ್ಡು ಬಂದಿಲ್ಲ. ಏನು ಮಾಡಬೇಕು?

ಮೊದಲು ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ನೋಡಿ. 2024ರ ಅಕ್ಟೋಬರ್‌ನಲ್ಲಿ ಬಂದ ತಿದ್ದುಪಡಿ ನಿಯಮಗಳಲ್ಲಿ ಪ್ರಮಾಣಪತ್ರ ಕೊಡಲು ವೈದ್ಯಕೀಯ ಪ್ರಾಧಿಕಾರಕ್ಕೆ ಇದ್ದ ಒಂದು ತಿಂಗಳ ಗಡುವು ಮೂರು ತಿಂಗಳಾಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅರ್ಜಿ ಹಾಕಿ ಎರಡು ವರ್ಷ ಬೆನ್ನುಹತ್ತದೆ ಬಿಟ್ಟರೆ ಅದು ನಿಷ್ಕ್ರಿಯವಾಗುತ್ತದೆ, ಆಮೇಲೆ ಹೊಸದಾಗಿ ಹಾಕಬೇಕು. ಆಸ್ಪತ್ರೆಯಿಂದ ಎಸ್ಸೆಮ್ಮೆಸ್ ಬಂದ ಮೊಬೈಲ್ ಸಂಖ್ಯೆ ಈಗ ಚಾಲ್ತಿಯಲ್ಲಿ ಇಲ್ಲದೆ, ತಪಾಸಣೆಯ ದಿನವೇ ತಿಳಿಯದೆ ಹೋದ ಮನೆಗಳಿವೆ. ಸೈಬರ್ ಸೆಂಟರ್‌ನವರ ಸಂಖ್ಯೆ ಕೊಡಬೇಡಿ, ಮನೆಯಲ್ಲಿ ಸದಾ ಇರುವ ಸಂಖ್ಯೆಯನ್ನೇ ಕೊಡಿ.

ಇನ್ನೊಂದು ತೊಡಕು ಹೆಸರಿನದು. ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ, ಜನನ ಪ್ರಮಾಣಪತ್ರದಲ್ಲಿ ಮೊದಲಿಗೆ, ಶಾಲೆಯ ದಾಖಲೆಯಲ್ಲಿ ಇಲ್ಲವೇ ಇಲ್ಲ ಎಂದಾದರೆ ಮುಂದೆ ಪ್ರತಿ ಹೆಜ್ಜೆಗೂ ತಡೆ ಬರುತ್ತದೆ. ಯುಡಿಐಡಿ ಅರ್ಜಿಗೆ ಮುಂಚೆಯೇ ಆಧಾರ್‌ನ ಹೆಸರು, ಹುಟ್ಟಿದ ದಿನಾಂಕ ಸರಿಮಾಡಿಸಿ. ಕಾರ್ಡು ಬಂದಮೇಲೆ ತಿದ್ದಿಸುವ ಕೆಲಸ ದುಪ್ಪಟ್ಟು.

ಅರ್ಜಿ ತುಂಬಲು ಹಣ ಕೊಡಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜನ ಅವರನ್ನು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದೇ ಕರೆಯುವುದು. ಇದು ಅವರದೇ ಕೆಲಸ, ಹೋಗಿ ಕೇಳಿ.

ಸರ್ಟಿಫಿಕೇಟ್ ‘ತಾತ್ಕಾಲಿಕ’ ಎಂದು ಕೊಟ್ಟಿದ್ದಾರೆ. ಮಗುವಿನ ಸ್ಥಿತಿ ಬದಲಾಗುವಂಥದ್ದಲ್ಲವಲ್ಲ?

ನಿಮ್ಮ ಬೇಸರ ಅರ್ಥವಾಗುತ್ತದೆ. ಮಗು ಬೆಳೆಯುತ್ತಿರುವಾಗ ಪ್ರಮಾಣ ಬದಲಾಗಬಹುದು ಎಂಬುದು ನಿಯಮದ ಹಿಂದಿನ ಲೆಕ್ಕ. ಬೌದ್ಧಿಕ ವಿಕಲತೆಗೆ ಒಂದು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡಬಹುದು. ಐದು ವರ್ಷದವರೆಗೆ ಅದರಲ್ಲಿ ‘ಬೆಳವಣಿಗೆಯ ವಿಳಂಬ’ ಎಂದು ಬರೆದಿರುತ್ತದೆ. 2018ರ ಮಾರ್ಗಸೂಚಿಯಲ್ಲಿ 5, 10 ಮತ್ತು 18ನೇ ವಯಸ್ಸಿಗೆ ಮರುತಪಾಸಣೆ ಇತ್ತು. 18ಕ್ಕೆ ಕೊಟ್ಟದ್ದು ಜೀವನಪೂರ್ತಿ. ಕಲಿಕಾ ನ್ಯೂನತೆಗೆ ಎಂಟು ವರ್ಷಕ್ಕೆ ಮುಂಚೆ ಕೊಡುವುದಿಲ್ಲ.

ಪ್ರಮಾಣಪತ್ರದ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಮುಗಿಯುವ ಆರು ತಿಂಗಳ ಮೊದಲೇ ನವೀಕರಣಕ್ಕೆ ಹಾಕಿ. ಮಾನಸಿಕ ತಜ್ಞರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ವಾರದಲ್ಲಿ ಒಂದೋ ಎರಡೋ ದಿನ ಮಾತ್ರ ಬರುವ ಆಸ್ಪತ್ರೆಗಳಲ್ಲಿ ಸರದಿ ಉದ್ದ ಇರುತ್ತದೆ. ಈ ನಡುವೆ ಅವಧಿ ಮುಗಿದರೆ ಮಾಸಾಶನ, ನಿರಾಮಯ ಎಂಬ ಆರೋಗ್ಯ ವಿಮೆ, ತೆರಿಗೆ ವಿನಾಯಿತಿ ಮೂರಕ್ಕೂ ಒಂದೇ ಸಲ ಪೆಟ್ಟು.

ಮರುತಪಾಸಣೆಯಲ್ಲಿ 45 ಇದ್ದದ್ದು 35 ಆಗಿದೆ. ಮುಂದೇನು?

40ಕ್ಕಿಂತ ಕೆಳಗೆ ಬಂದರೆ ಕಾನೂನಿನ ಭಾಷೆಯ ‘ಮಾನದಂಡ ಅಂಗವಿಕಲತೆ’ ಉಳಿಯುವುದಿಲ್ಲ. 90 ದಿನದೊಳಗೆ ರಾಜ್ಯ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ‘ಮಗುವಿಗೆ ತುಂಬ ಕಷ್ಟ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ತಪಾಸಣೆಯ ದಿನ ಮಗುವಿಗೆ ಜ್ವರ ಇತ್ತೇ, ಫಿಟ್ಸ್ ಮಾತ್ರೆಯ ಮಂಪರಿನಲ್ಲಿತ್ತೇ, ಐಕ್ಯು ಪರೀಕ್ಷೆಯನ್ನು ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಮಾಡಿದರೇ, ಎರಡನೆಯ ವಿಕಲತೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೇ, ಇವನ್ನು ನಿರ್ದಿಷ್ಟವಾಗಿ ಬರೆಯಿರಿ. ಥೆರಪಿ ಕೇಂದ್ರದ ವರದಿ, ಶಾಲೆಯ ವರದಿ ಲಗತ್ತಿಸಿ. ಮಗು ತಾನಾಗಿ ಊಟ ಮಾಡುತ್ತದೆಯೇ, ಶೌಚಕ್ಕೆ ಹೇಳುತ್ತದೆಯೇ, ಒಂಟಿಯಾಗಿ ರಸ್ತೆ ದಾಟುತ್ತದೆಯೇ ಎಂದು ವೈದ್ಯರು ಕೇಳಿದಾಗ ಮಗುವಿನ ಅತ್ಯುತ್ತಮ ದಿನವನ್ನು ನೆನೆದು ಉತ್ತರಿಸಬೇಡಿ. ಮಗುವಿನ ಬಗ್ಗೆ ಹೆಮ್ಮೆಯಿಂದ ಹೇಳಿದ ಒಂದು ಮಾತು ಕಾಗದದಲ್ಲಿ ಹತ್ತು ಶೇಕಡ ಇಳಿಸಿಬಿಡಬಹುದು. ಸಾಧಾರಣ ದಿನ ಹೇಗಿರುತ್ತದೋ ಹಾಗೆ ಹೇಳಿ.

ಮಾಸಾಶನ ಎಷ್ಟು? ಯಾರಿಗೆ?

ರಾಜ್ಯದ ಅಂಗವಿಕಲ ಮಾಸಾಶನ 40ರಿಂದ 75 ಶೇಕಡದವರೆಗೆ ತಿಂಗಳಿಗೆ 800 ರೂಪಾಯಿ (2021ರಲ್ಲಿ 600ರಿಂದ ಏರಿಸಿದ್ದು), 75ರ ಮೇಲೆ 1,400, ತೀವ್ರ ಬೌದ್ಧಿಕ ವಿಕಲತೆಗೆ 2,000. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿ 18 ತುಂಬಿದ, 80 ಶೇಕಡ ಮೇಲ್ಪಟ್ಟ ಬಡವರಿಗೆ ಮಾತ್ರ, ಅದರಲ್ಲಿ ಕೇಂದ್ರದ ಪಾಲು 2012ರಿಂದಲೂ 300 ರೂಪಾಯಿ. ಹಾಗಾಗಿ ಚಿಕ್ಕ ಮಕ್ಕಳ ಮಾಸಾಶನ ರಾಜ್ಯದ ಬೊಕ್ಕಸದಿಂದಲೇ ಬರುವುದು.

ಈ ಮೊತ್ತ ಸಾಲದು ಎಂದು ನಾವೂ ನೇರವಾಗಿಯೇ ಹೇಳುತ್ತೇವೆ. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವ ಮನೆಗೆ 800 ರೂಪಾಯಿ ಆಟೋ ಬಾಡಿಗೆಗೂ ಆಗುವುದಿಲ್ಲ. ಆದರೂ ಬಿಡಬೇಡಿ, ಮುಂದಿನ ಸೌಲಭ್ಯಗಳನ್ನು ಕೇಳುವಾಗ ಮಾಸಾಶನದ ಆದೇಶ ಪತ್ರ ಒಳ್ಳೆಯ ದಾಖಲೆ.

ಬಿಪಿಎಲ್ ಕಾರ್ಡು ಇದೆ, ಆದರೂ ಮಾಸಾಶನದ ಅರ್ಜಿ ತಿರಸ್ಕಾರ ಆಯಿತು. ಯಾಕೆ?

ಎರಡಕ್ಕೂ ಆದಾಯದ ಮಿತಿ ಬೇರೆ ಬೇರೆ. ಪಡಿತರದ ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷದವರೆಗೆ ಆದಾಯ ಇರಬಹುದು. ಮಾಸಾಶನಕ್ಕೆ ಮಿತಿ 32,000 ರೂಪಾಯಿ. ಮಗಳ ಸ್ಕಾಲರ್‌ಶಿಪ್‌ಗೆಂದು ಹಿಂದೆ ಮಾಡಿಸಿದ ಆದಾಯ ಪ್ರಮಾಣಪತ್ರದಲ್ಲಿ 60,000 ಎಂದು ಇದ್ದರೆ, ಅದೇ ಪತ್ರವನ್ನು ಇಲ್ಲಿ ಲಗತ್ತಿಸಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಆದಾಯ ಪತ್ರಕ್ಕೆ ಐದು ವರ್ಷ ಆಯುಷ್ಯ. ಆದಾಯ ನಿಜವಾಗಿ ಇಳಿದಿದ್ದರೆ, ಉದಾಹರಣೆಗೆ ಮಗುವನ್ನು ನೋಡಿಕೊಳ್ಳಲು ತಾಯಿ ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದರೆ, ನಾಡಕಚೇರಿಯಲ್ಲಿ ಹೊಸ ಪತ್ರಕ್ಕೆ ಹಾಕಿ, ಕೆಲಸ ಬಿಟ್ಟ ದಾಖಲೆ ಇಟ್ಟುಕೊಳ್ಳಿ. ಗ್ರಾಮ ಆಡಳಿತಾಧಿಕಾರಿ ಸ್ಥಳ ಪರಿಶೀಲನೆಗೆ ಬಂದಾಗ ಒಬ್ಬರಾದರೂ ಮನೆಯಲ್ಲಿರಿ. ಸುಳ್ಳು ಆದಾಯ ಬರೆಸಬೇಡಿ. ಮುಂದೆ ಪತ್ತೆಯಾದರೆ ಪಡೆದ ಹಣ ಕಟ್ಟಬೇಕಾಗುತ್ತದೆ, ಮಗುವಿನ ಮಾಸಾಶನವೂ ನಿಲ್ಲುತ್ತದೆ.

ಬರುತ್ತಿದ್ದ ಮಾಸಾಶನ ಮೂರು ತಿಂಗಳಿಂದ ನಿಂತಿದೆ. ಬ್ಯಾಂಕಿನವರು ‘ನಮಗೆ ಬಂದಿಲ್ಲ’ ಅನ್ನುತ್ತಾರೆ, ತಾಲ್ಲೂಕು ಕಚೇರಿಯವರು ‘ಕಳಿಸಿದ್ದೇವೆ’ ಅನ್ನುತ್ತಾರೆ.

ಎರಡೂ ಮಾತು ನಿಜವಿರಬಹುದು. ಹಣ ಈಗ ಖಾತೆ ಸಂಖ್ಯೆಯನ್ನಲ್ಲ, ಆಧಾರ್ ಸಂಖ್ಯೆಯನ್ನು ನೋಡಿ ಹೋಗುತ್ತದೆ. ಯಾವ ಬ್ಯಾಂಕಿಗೆ ಹೋಗಬೇಕೆಂದು ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿ ಹೇಳುತ್ತದೆ, ಮತ್ತು ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು. ಕೊನೆಯಲ್ಲಿ ಯಾವ ಖಾತೆಗೆ ಜೋಡಿಸಿದಿರೋ ಹಣ ಅಲ್ಲಿಗೆ. ಹಾಗಾಗಿ ಹೀಗೆ ನೋಡುತ್ತ ಹೋಗಿ.

ಖಾತೆ ಮಗುವಿನ ಹೆಸರಿನಲ್ಲಿದ್ದು ತಾಯಿ ಪೋಷಕಿಯಾಗಿದ್ದರೆ, ಅದಕ್ಕೆ ಜೋಡಿಸಿರುವ ಆಧಾರ್ ಯಾರದ್ದು? ಬ್ಯಾಂಕಿನಲ್ಲಿ ತಾಯಿಯ ಆಧಾರ್ ಹಾಕಿಬಿಡುವುದು ನಾವು ಮತ್ತೆ ಮತ್ತೆ ಕಾಣುವ ತಪ್ಪು. ಮಗುವಿನದ್ದೇ ಹಾಕಬೇಕು. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಅಂದರೆ ಅಷ್ಟಕ್ಕೇ ಎದ್ದು ಬರಬೇಡಿ. ‘ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ’ ಎಂದು ಕೇಳಿ. ಡಿಬಿಟಿ ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದು. ಕೆವೈಸಿಗಾಗಿ ಲಿಂಕ್ ಮಾಡುವುದೇ ಬೇರೆ, ಇದೇ ಬೇರೆ. ಆಮೇಲೆ ಮಗುವಿನ ಹೆಸರಿನಲ್ಲಿ ಇನ್ನೊಂದು ಖಾತೆ, ಉದಾಹರಣೆಗೆ ಶಾಲೆಯ ಸ್ಕಾಲರ್‌ಶಿಪ್‌ಗೆಂದು ಅಂಚೆ ಕಚೇರಿಯಲ್ಲಿ ತೆರೆದದ್ದು ಇದೆಯೇ ನೋಡಿ. ನಿಂತಿದೆ ಅಂದುಕೊಂಡ ಹಣ ಅಲ್ಲಿ ಜಮೆಯಾಗುತ್ತಿರಬಹುದು. ಬಹಳ ಕಾಲ ವಹಿವಾಟಿಲ್ಲದೆ ಖಾತೆ ನಿಷ್ಕ್ರಿಯವಾಗಿದ್ದರೂ ಹಣ ಹಿಂದಿರುಗುತ್ತದೆ.

ಇವೆಲ್ಲ ಸರಿಯಿದ್ದರೆ ಕಾರಣ ತಾಲ್ಲೂಕು ಕಚೇರಿಯಲ್ಲಿದೆ. ಪರಿಶೀಲನೆಗೆ ಬಂದಾಗ ಮನೆಗೆ ಬೀಗ ಇತ್ತು, ವಿಳಾಸ ಬದಲಾಯಿತು, ಪ್ರಮಾಣಪತ್ರದ ಅವಧಿ ಮುಗಿಯಿತು, ಇಂಥದ್ದು. ಮಾಸಾಶನದ ಆದೇಶ ಸಂಖ್ಯೆ ಬರೆದು ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು, ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ಬಾಕಿ ತಿಂಗಳ ಹಣವನ್ನೂ ಅದೇ ಅರ್ಜಿಯಲ್ಲಿ ಕೇಳಿ.

ನನ್ನ ಮಗ ಕಣ್ಣು ಬಿಟ್ಟು ಕೂರುವುದಿಲ್ಲ, ಕೈಬೆರಳು ಮಡಚಿಕೊಂಡೇ ಇರುತ್ತವೆ. ಆಧಾರ್ ಬಯೋಮೆಟ್ರಿಕ್ ಹೇಗೆ?

ಬೆರಳು ಅಥವಾ ಕಣ್ಣಿನ ಪಾಪೆ, ಎರಡರಲ್ಲಿ ಒಂದು ಸಿಕ್ಕರೂ ನೋಂದಣಿ ಮಾಡಬೇಕು. ಎರಡೂ ಆಗದಿದ್ದರೂ ‘ಬಯೋಮೆಟ್ರಿಕ್ ವಿನಾಯಿತಿ’ ಎಂಬ ದಾರಿ ಇದೆ, ಆಪರೇಟರ್ ಫೋಟೋ ತೆಗೆದು ವಿನಾಯಿತಿ ಎಂದು ಗುರುತಿಸಿ ಮುಂದುವರಿಸಬೇಕು. ‘ಆಗಲ್ಲ’ ಎಂದು ವಾಪಸು ಕಳಿಸಿದರೆ ಈ ಪದವನ್ನೇ ಹೇಳಿ ಕೇಳಿ. 5 ಮತ್ತು 15ನೇ ವಯಸ್ಸಿನ ಕಡ್ಡಾಯ ನವೀಕರಣ ತಪ್ಪಿಸಬೇಡಿ. ಏಳು ವರ್ಷವಾದರೂ ಮೊದಲನೆಯದು ಮಾಡಿಸದಿದ್ದರೆ ಆಧಾರ್ ನಿಷ್ಕ್ರಿಯವಾಗಬಹುದು, ಜೊತೆಗೆ ಮಾಸಾಶನವೂ. ಬೆಳಗ್ಗೆ ಗಲಾಟೆ ಕಡಿಮೆ ಇರುವ ಹೊತ್ತಿಗೆ, ಮಗು ಊಟ ಮಾಡಿ ಸಮಾಧಾನವಾಗಿರುವಾಗ ಹೋಗಿ.

ಮಗುವನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿದ್ದೇನೆ. ನನಗೆ ಅಂತ ಏನಾದರೂ ಇದೆಯೇ?

ತೀರಾ ಕಡಿಮೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 24ನೇ ಸೆಕ್ಷನ್ನು ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಹೆಸರಿಸುತ್ತದೆ, ಆದರೆ ಮೊತ್ತ ಮತ್ತು ಕ್ರಮವನ್ನು ಸರ್ಕಾರದ ಶಕ್ತ್ಯಾನುಸಾರಕ್ಕೆ ಬಿಟ್ಟಿದೆ. ಕರ್ನಾಟಕ 2024–25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಇದು ಮಗುವಿನ ಮಾಸಾಶನವಲ್ಲ, ಆರೈಕೆ ಮಾಡುವವರದ್ದು. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಮಗುವಿನ ಯುಡಿಐಡಿಯಲ್ಲಿ ಕಾಯಿಲೆಯ ಹೆಸರು ಹೇಗೆ ದಾಖಲಾಗಿದೆ ಎಂಬುದು ಇಲ್ಲಿ ಮುಖ್ಯ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಬರೀ ‘ಚಲನ ವೈಕಲ್ಯ’ ಎಂದು ಬರೆದಿದ್ದರೆ ಮೊದಲು ಅದನ್ನು ತಿದ್ದಿಸಿ.

ಆಟಿಸಂ, ಬೌದ್ಧಿಕ ವಿಕಲತೆಯ ಮಕ್ಕಳ ತಾಯಂದಿರು ಆ ನಾಲ್ಕರ ಪಟ್ಟಿಯಲ್ಲಿ ಇಲ್ಲ. ರಾತ್ರಿಯಿಡೀ ಎಚ್ಚರವಿರುವ ಅವರ ದುಡಿಮೆ ಕಡಿಮೆಯದ್ದೇನಲ್ಲ. ಇದು ಸರಿಯಾಗಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮಗುವಿನ ಮಾಸಾಶನ ಬಂದರೆ ನನ್ನ ಗೃಹಲಕ್ಷ್ಮಿ ಹಣ ನಿಲ್ಲುತ್ತದೆಯೇ?

ಇಲ್ಲ. ಗೃಹಲಕ್ಷ್ಮಿ ಮನೆಯ ಯಜಮಾನಿಗೆ, ಮಾಸಾಶನ ಮಗುವಿಗೆ. ತಾಯಿಗೆ ವಿಧವಾ ವೇತನ ಇದ್ದರೂ ಮಗುವಿನದು ಬೇರೆಯೇ. ಒಬ್ಬರೇ ಎರಡು ಸಾಮಾಜಿಕ ಭದ್ರತಾ ಪಿಂಚಣಿ ತೆಗೆದುಕೊಳ್ಳುವಂತಿಲ್ಲ, ಅಷ್ಟೆ.

ಆದಾಯ ತೆರಿಗೆಯಲ್ಲಿ 80ಡಿಡಿ ಸಿಗುತ್ತಿತ್ತು. ಈ ಸಲ ಆಫೀಸಿನವರು ಕೊಡಲಿಲ್ಲ.

80ಡಿಡಿ ಅಂದರೆ ವಿಕಲಚೇತನ ಅವಲಂಬಿತರಿಗಾಗಿ ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆಯುವ ಮೊತ್ತ. ಹೊಸ ತೆರಿಗೆ ಪದ್ಧತಿಯಲ್ಲಿ ಅದು ಇಲ್ಲ. 2023–24ರಿಂದ ನೀವಾಗಿ ಹೇಳದಿದ್ದರೆ ಹೊಸ ಪದ್ಧತಿಯೇ ಅನ್ವಯ. ಹಳೆಯ ಪದ್ಧತಿಯಲ್ಲಿ 40 ಶೇಕಡ ಮೇಲ್ಪಟ್ಟ ಮಗುವಿಗೆ 75,000, 80 ಮೇಲ್ಪಟ್ಟರೆ 1,25,000 ರೂಪಾಯಿ ಕಡಿತ. ಎಷ್ಟು ಖರ್ಚಾಯಿತು ಎಂದು ರಸೀದಿ ತೋರಿಸಬೇಕಿರಲಿಲ್ಲ.

ಹಳೆಯದಕ್ಕೆ ಮರಳಿದರೆ ಲಾಭವೇ? 2025–26ರ ಲೆಕ್ಕ ನೋಡಿ. ಸಂಬಳ 12.75 ಲಕ್ಷದವರೆಗೆ ಇದ್ದರೆ ಹೊಸದರಲ್ಲಿ ತೆರಿಗೆಯೇ ಇಲ್ಲ, ಯೋಚನೆ ಬೇಡ. 16 ಲಕ್ಷ ಸಂಬಳದವರಿಗೆ ಹೊಸದರಲ್ಲಿ ಸೆಸ್ ಸೇರಿ 1,13,100. ಹಳೆಯದರಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿ (ಉಳಿತಾಯದ ಕಡಿತ) 1.5 ಲಕ್ಷ, 80ಡಿಡಿ 1.25 ಲಕ್ಷ ಕಳೆದರೂ 2,02,800. ಮನೆ ಬಾಡಿಗೆ, ಗೃಹಸಾಲದ ಬಡ್ಡಿ ದೊಡ್ಡದಿದ್ದರೆ ಮಾತ್ರ ಹಳೆಯದು ಗೆಲ್ಲಬಹುದು. ಹಳೆಯದರಲ್ಲಿ 39,000 ರೂಪಾಯಿಯ ತೆರಿಗೆ ಉಳಿಸುತ್ತಿದ್ದ 80ಡಿಡಿ ಕಡಿತ ಹೊಸದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆರೈಕೆಯ ಹೊರೆ ಇರುವ ಮನೆಗೂ ಇಲ್ಲದ ಮನೆಗೂ ಒಂದೇ ತೆರಿಗೆ. ದರ ಇಳಿದದ್ದು ನಿಜ, ಆದರೆ ಈ ಭೇದವನ್ನು ಗುರುತಿಸದೇ ಬಿಟ್ಟದ್ದು ತಪ್ಪು.

ಹಳೆಯದನ್ನು ಆರಿಸುವುದಾದರೆ ಗಡುವಿನೊಳಗೆ ರಿಟರ್ನ್ ಹಾಕಲೇಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಕಲತೆಗೆ ಫಾರ್ಮ್ 10-ಐಎ (ವೈದ್ಯಕೀಯ ಪ್ರಮಾಣಪತ್ರ) ಬೇಕು. ವ್ಯಾಪಾರ, ವೃತ್ತಿಯ ಆದಾಯ ಇರುವವರು ರಿಟರ್ನ್‌ಗೆ ಮುಂಚೆ, ಹಳೆಯ ಪದ್ಧತಿ ಆರಿಸುವ ಫಾರ್ಮ್ 10-ಐಇಎ ಕೊಡಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಬಂದಿರುವುದರಿಂದ ಆ ದಿನದ ನಂತರದ ಆದಾಯಕ್ಕೆ ಸೆಕ್ಷನ್ ಸಂಖ್ಯೆಗಳು ಬೇರೆ.

ಸರ್ಕಾರಿ ಕೆಲಸದಲ್ಲಿದ್ದೇನೆ. ರಜೆ, ವರ್ಗಾವಣೆಯಲ್ಲಿ ಅನುಕೂಲ ಇದೆಯೇ?

ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ, ಒಂಟಿ ತಂದೆಗೆ, ಸೇವಾವಧಿಯಲ್ಲಿ 730 ದಿನ ಶಿಶುಪಾಲನಾ ರಜೆ. ಮೊದಲ 365 ದಿನ ಪೂರ್ತಿ ಸಂಬಳ, ಉಳಿದದ್ದಕ್ಕೆ 80 ಶೇಕಡ. ಬೇರೆ ಮಕ್ಕಳಿಗೆ 18 ವರ್ಷದ ಮಿತಿ ಇದೆ, 40 ಶೇಕಡ ವಿಕಲತೆ ಇರುವ ಮಗುವಿಗೆ ವಯಸ್ಸಿನ ಮಿತಿ ತೆಗೆದಿದ್ದಾರೆ. ವಿಕಲಚೇತನ ಅವಲಂಬಿತರ ಮುಖ್ಯ ಆರೈಕೆದಾರರಾದ ಕೇಂದ್ರ ನೌಕರರಿಗೆ 2014ರ ಆದೇಶದಂತೆ ವಾಡಿಕೆಯ ವರ್ಗಾವಣೆಯಿಂದಲೂ ವಿನಾಯಿತಿ ಇದೆ. ಆದರೆ ರಾಜ್ಯ ನೌಕರರಿಗೆ ರಾಜ್ಯದ ಸೇವಾ ನಿಯಮಗಳೇ ಅನ್ವಯ, ಕೇಂದ್ರದ 730 ದಿನ ತಾನಾಗಿ ಸಿಗುವುದಿಲ್ಲ. ಹಿಮಾಚಲ ಪ್ರದೇಶದ ಒಬ್ಬ ಉಪನ್ಯಾಸಕಿಯ ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ವಿಕಲಚೇತನ ಮಕ್ಕಳ ತಾಯಂದಿರಿಗೆ ಈ ರಜೆ ನಿರಾಕರಿಸುವುದು ಸಂವಿಧಾನದ ಆಶಯಕ್ಕೆ ವಿರುದ್ಧ ಎಂದಿತು. ರಜೆ ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಬಹುದು. ಖಾಸಗಿ ಕೆಲಸದವರಿಗೆ ಇಂಥ ಹಕ್ಕು ಕಾನೂನಿನಲ್ಲಿ ಇಲ್ಲ.

ಮಗನಿಗೆ ಮುಂದಿನ ವರ್ಷ 18 ತುಂಬುತ್ತದೆ. ಏನೇನು ಬದಲಾಗುತ್ತದೆ?

ಎಲ್ಲಕ್ಕಿಂತ ಹೆಚ್ಚು ತಯಾರಿ ಬೇಕಾದ ಹೊತ್ತು ಇದು. ಹುಟ್ಟುಹಬ್ಬದ ದಿನದಿಂದಲೇ ಕಾನೂನಿನ ಕಣ್ಣಿಗೆ ನೀವು ಪೋಷಕರಲ್ಲ. ಅಪ್ರಾಪ್ತರ ಖಾತೆಯನ್ನು ಬ್ಯಾಂಕು ತಡೆಹಿಡಿದು ‘ಅವನೇ ಬಂದು ಸಹಿ ಹಾಕಲಿ’ ಎನ್ನುತ್ತದೆ. ಸಹಿ ಮಾಡಲಾಗದ ಮಗನ ಮಾಸಾಶನ ಖಾತೆಯಲ್ಲಿ ಬಿದ್ದಿದ್ದರೂ ತೆಗೆಯಲಾಗುವುದಿಲ್ಲ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಈ ನಾಲ್ಕಕ್ಕೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯಿದೆಯ 14ನೇ ಸೆಕ್ಷನ್ ಅಡಿ ಕಾನೂನುಬದ್ಧ ಪಾಲಕತ್ವ ಪಡೆಯಬಹುದು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಅದನ್ನು ಕೊಡುತ್ತದೆ. ಕೋರ್ಟಿಗೆ ಹೋಗಬೇಕಿಲ್ಲ, ವಕೀಲರೂ ಬೇಕಿಲ್ಲ. ಈ ಪತ್ರವನ್ನು ಖಾತೆ ನಡೆಸಲು ಒಪ್ಪಬಹುದೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಶಾಖೆಯವರು ಕೋರ್ಟ್ ಆದೇಶ ಕೇಳಿದರೆ ಇದನ್ನು ಹೇಳಿ. ಸಮಿತಿ ಪ್ರತಿ ವಾರ ಸೇರುವುದಿಲ್ಲ, ಆದ್ದರಿಂದ ದಾಖಲೆಗಳನ್ನು ಹದಿನೇಳೂವರೆಗೇ ಜೋಡಿಸಿ, 18 ತುಂಬಿದ ಕೂಡಲೇ ಅರ್ಜಿ ಹಾಕಿ. ಪಾಲಕತ್ವ ಸಿಕ್ಕ ಮೇಲೆ ಆರು ತಿಂಗಳೊಳಗೆ ಮಗನ ಆಸ್ತಿಯ ಪಟ್ಟಿ, ಪ್ರತಿ ಹಣಕಾಸು ವರ್ಷ ಮುಗಿದು ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಆಸ್ತಿ ಏನೂ ಇಲ್ಲದಿದ್ದರೂ ‘ಇಲ್ಲ’ ಎಂದು ಬರೆದು ಕೊಡಿ.

ಕಿವುಡುತನ, ದೃಷ್ಟಿದೋಷ, ಕೈಕಾಲಿನ ವೈಕಲ್ಯ ಮಾತ್ರ ಇದ್ದರೆ ಪಾಲಕತ್ವ ಬೇಡವೇ ಬೇಡ. ಅವರು ಎಲ್ಲರಂತೆ ವಯಸ್ಕರು, ಹೆಬ್ಬೆಟ್ಟು ಒತ್ತಿಯೂ ಖಾತೆ ನಡೆಸಬಹುದು.

ನಿರಾಮಯ ವಿಮೆ ಇನ್ನೂ ಇದೆಯೇ?

ಇದೆ, ಮೇಲೆ ಹೇಳಿದ ನಾಲ್ಕು ವಿಕಲತೆಗಳಿಗೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಹೊಸದಾಗಿ ಸೇರಲು ಬಿಪಿಎಲ್ ಮನೆಗೆ 250, ಉಳಿದವರಿಗೆ 500 ರೂಪಾಯಿ. ನವೀಕರಣಕ್ಕೆ 50 ಮತ್ತು 250. ಥೆರಪಿ, ಔಷಧಿಗೂ ಸಿಗುತ್ತದೆ ಎಂಬುದು ಇದರ ದೊಡ್ಡ ಗುಣ, ಆದರೆ ಒಂದೊಂದು ಬಾಬ್ತಿಗೂ ಪ್ರತ್ಯೇಕ ಮಿತಿ ಇದೆ. ಮೊದಲು ನೀವು ಕಟ್ಟಿ ಆಮೇಲೆ ವಾಪಸು ಪಡೆಯಬೇಕು, ಹಾಗಾಗಿ ವೈದ್ಯರ ಚೀಟಿ ಮತ್ತು ಮೂಲ ಬಿಲ್ ಬೇಕೇಬೇಕು. ಪಾಲಿಸಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಣವನ್ನು ಅದಕ್ಕೆ ಮುಂಚೆಯೇ ಮುಗಿಸಿ.

ನಾವು ಹೋದಮೇಲೆ ಪಿಂಚಣಿ ಮಗಳಿಗೆ ಸಿಗುತ್ತದೆಯೇ?

ಕೇಂದ್ರ ಸರ್ಕಾರದ ಪಿಂಚಣಿದಾರರಾದರೆ, ದುಡಿದು ಬದುಕಲಾಗದ ಮಗಳಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ. 2021ರ ಫೆಬ್ರವರಿಯಲ್ಲಿ ಒಳ್ಳೆಯ ಬದಲಾವಣೆ ಬಂತು: ಹಿಂದೆ ಮಗಳಿಗೆ 9,000 ಮತ್ತು ತುಟ್ಟಿಭತ್ಯೆಗಿಂತ ಹೆಚ್ಚು ಸ್ವಂತ ಆದಾಯ ಇದ್ದರೆ ಸಿಗುತ್ತಿರಲಿಲ್ಲ, ಈಗ ತಂದೆ ಅಥವಾ ತಾಯಿಯ ಕೊನೆಯ ಸಂಬಳದ 30 ಶೇಕಡ ಮತ್ತು ತುಟ್ಟಿಭತ್ಯೆಯವರೆಗೆ ಆದಾಯ ಇರಬಹುದು. ನೀವು ಬದುಕಿರುವಾಗಲೇ ಮಗಳ ಹೆಸರನ್ನು ಪಿಪಿಒ (ಪಿಂಚಣಿ ಪಾವತಿ ಆದೇಶ) ಪುಸ್ತಕಕ್ಕೆ ಸೇರಿಸಲು ಇಲಾಖೆಗೆ ಅರ್ಜಿ ಹಾಕಿ. ಖಾಸಗಿ ನೌಕರರ ಪಿಂಚಣಿ ಯೋಜನೆಯಾದ ಇಪಿಎಸ್‌ನಲ್ಲೂ ಪೂರ್ಣ, ಶಾಶ್ವತ ವಿಕಲತೆಯ ಮಗುವಿಗೆ ವಯಸ್ಸಿನ ಮಿತಿ ಇಲ್ಲದೆ ಮಕ್ಕಳ ಪಿಂಚಣಿ ಇದೆ. ಭವಿಷ್ಯನಿಧಿಯ ಕುಟುಂಬ ವಿವರದಲ್ಲಿ ಮಗುವಿನ ಹೆಸರಿನ ಮುಂದೆ ವಿಕಲತೆಯನ್ನು ನಮೂದಿಸಿದ್ದೀರಾ ಎಂದು ಇಂದೇ ನೋಡಿ.

ಎಲ್ಲ ಸರಿಯಿದ್ದರೂ ಕೊಡುತ್ತಿಲ್ಲ. ಯಾರಿಗೆ ದೂರು?

ತಹಶೀಲ್ದಾರರಿಗೆ ಕೊಟ್ಟ ಲಿಖಿತ ಅರ್ಜಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ‘ನನ್ನ ಅರ್ಜಿಯ ಮೇಲೆ ಯಾವ ದಿನ ಯಾರು ಏನು ಕ್ರಮ ಕೈಗೊಂಡರು’ ಎಂದು ಕೇಳಿ. ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಆ ಹತ್ತು ರೂಪಾಯಿಯೂ ಬೇಡ. ಕಡತ ಅಲುಗಾಡಲು ಇದು ಸಾಕಾಗುವುದುಂಟು. ಅದಕ್ಕೂ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ಬರೆಯಿರಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ 2016ರ ಕಾಯಿದೆ ಸಿವಿಲ್ ಕೋರ್ಟಿನ ಅಧಿಕಾರ ಕೊಟ್ಟಿದೆ. ದೂರಿನ ಜೊತೆ ಯುಡಿಐಡಿ ಕಾರ್ಡು, ಮಾಸಾಶನ ಆದೇಶ, ಬ್ಯಾಂಕ್ ಪಾಸ್‌ಬುಕ್‌ನ ಕೊನೆಯ ಆರು ತಿಂಗಳ ಪುಟ, ಸ್ವೀಕೃತಿ ಮುದ್ರೆ ಇರುವ ಅರ್ಜಿ ಇಷ್ಟು ಪ್ರತಿಗಳನ್ನು ಇಡಿ. ಮೂಲ ಪತ್ರಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ.